‘ದಿ ವೇಲಿಂಗ್’ ನೋಡಿ ತಲೆ ಕೆಟ್ಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಆಷಾಢದ ಒಂದು ಶನಿವಾರ ರಾತ್ರಿ, ಶಿರಸಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗಿರುವ ಗೆಳೆಯನ ಮನೆಯ ಅಟ್ಟದಲ್ಲಿ ಅಡಿಕೆ ಚೀಲ ಸರಿಸಿ ಜಾಗ ಮಾಡಿಕೊಂಡು, ಬಿಳಿ ಪಂಚೆಯನ್ನೇ ಪರದೆಯಾಗಿ ಕಟ್ಟಿ, ಹದಿನಾಲ್ಕು ಜನ ಕೂತು ಈ ಕೊರಿಯನ್ ಸಿನಿಮಾ ನೋಡಿದೆವು. ಹೊರಗೂ ಮಳೆ, ಪಂಚೆಯ ಮೇಲೂ ಮಳೆ, ನಡುವೆ ಹಲಸಿನ ಹಪ್ಪಳ ಮುರಿಯುವ ಸದ್ದು. ಮುಗಿದಾಗ ಯಾರೂ ಬಾಯಿ ಬಿಡಲಿಲ್ಲ. ಮಾರನೇ ದಿನದಿಂದ ಶುರುವಾಯಿತು. ಹಾಲಿನ ಡೇರಿಯಲ್ಲಿ, ಸೊಸೈಟಿ ಕಟ್ಟೆಯಲ್ಲಿ, ಶ್ರಾದ್ಧದ ಊಟದ ಪಂಕ್ತಿಯಲ್ಲೂ ಅದೇ ಪ್ರಶ್ನೆಗಳು. ಸಿನಿಮಾ ಆರಿಸಿದವ ನಾನಾದ್ದರಿಂದ ಉತ್ತರ ಹೇಳುವ ಕರ್ಮವೂ ನನ್ನದೇ. ಒಂದೇ ಸಲ ಬರೆದು ಮುಗಿಸಿದ್ದೇನೆ.

ಸಿನಿಮಾ ನೋಡದವರು ಇಲ್ಲಿಗೇ ನಿಲ್ಲಿಸಿ. ಕೊನೆಯವರೆಗೂ ಎಲ್ಲ ಬಿಚ್ಚಿಟ್ಟಿದ್ದೇನೆ.

ನಾನು ಅರ್ಧಕ್ಕೆ ನಿದ್ದೆ ಮಾಡಿದೆ. ಕತೆ ಎಂತದು?

ದಕ್ಷಿಣ ಕೊರಿಯಾದ ಗುಡ್ಡದ ನಡುವಿನ ಒಂದು ಊರು. ಊರಾಚೆ ಕಾಡಿನಲ್ಲಿ ಜಪಾನಿನ ಮುದುಕನೊಬ್ಬ ಬಂದು ನೆಲೆಸಿದ್ದಾನೆ. ಅವನು ಬಂದ ಮೇಲೆ ಒಂದೊಂದೇ ಮನೆಯಲ್ಲಿ ಯಾರಿಗಾದರೂ ಮೈಮೇಲೆ ಬೊಕ್ಕೆ ಏಳುತ್ತವೆ, ಬುದ್ಧಿ ಕೆಡುತ್ತದೆ, ಕೊನೆಗೆ ಅವರು ತಮ್ಮ ಮನೆಯವರನ್ನೇ ಕೊಲ್ಲುತ್ತಾರೆ. ಜೊಂಗ್-ಗು ಅಲ್ಲಿನ ಪೊಲೀಸಿನವ. ಮೈಗಳ್ಳ, ಪುಕ್ಕಲ, ಆದರೆ ಮಗಳೆಂದರೆ ಜೀವ. ಆ ಮಗಳು ಹ್ಯೋ-ಜಿನ್‌ಗೂ ಬೊಕ್ಕೆ ಬಂದಾಗ ಅವನ ಅತ್ತೆ ಇಲ್-ಗ್ವಾಂಗ್ ಎಂಬ ಮಂತ್ರವಾದಿಯನ್ನು ಕರೆಸುತ್ತಾಳೆ. ಇವರ ನಡುವೆ ಬಿಳಿ ಬಟ್ಟೆಯ ಹೆಂಗಸೊಬ್ಬಳು ಅಲ್ಲಲ್ಲಿ ಕಾಣಿಸಿಕೊಂಡು ಮಾಯವಾಗುತ್ತಾಳೆ. ಪಾತ್ರಗಳ ಪಟ್ಟಿಯಲ್ಲಿ ಅವಳು ಮೂ-ಮ್ಯೋಂಗ್. ಆ ಮಾತಿನ ಅರ್ಥವೇ ಹೆಸರಿಲ್ಲದವಳು ಎಂದು.

2016ರ ಸಿನಿಮಾ, ನಿರ್ದೇಶಕ ನಾ ಹಾಂಗ್-ಜಿನ್, ಉದ್ದ 156 ನಿಮಿಷ. ನಿದ್ದೆ ಬಂದಿದ್ದು ನಿಮ್ಮ ತಪ್ಪಲ್ಲ, ಮಧ್ಯಾಹ್ನ ಅಪ್ಪೆಹುಳಿ ಕುಡಿದು ಕೂರಬಾರದಿತ್ತು, ಅಷ್ಟೇ.

ಹೆಸರಿನಲ್ಲಿ ಏನಾದರೂ ಗುಟ್ಟು ಇದೆಯಾ?

ಕೊರಿಯನ್ ಹೆಸರು ‘ಗೊಕ್‌ಸಂಗ್’. ಅದು ಅಲ್ಲಿ ನಿಜವಾಗಿ ಇರುವ ಊರಿನ ಹೆಸರು. ಅದೇ ಉಚ್ಚಾರವನ್ನು ಬೇರೆ ಚೀನೀ ಅಕ್ಷರಗಳಲ್ಲಿ ಬರೆದರೆ ‘ಅಳುವ ದನಿ’ ಎಂದಾಗುತ್ತದೆ. ಸಿನಿಮಾ ಬಳಸಿದ್ದು ಆ ಎರಡನೆಯದನ್ನು. ಒಂದೇ ಸದ್ದು, ಎರಡು ಅರ್ಥ. ಮುಂದೆ ಎರಡೂವರೆ ಗಂಟೆ ಇದೇ ಆಟ.

ಕೊನೆಗೂ ದೆವ್ವ ಯಾರು? ಸುತ್ತಿಬಳಸಿ ಹೇಳಬೇಡಿ.

ಜಪಾನಿನ ಮುದುಕನೇ. ಮಂತ್ರವಾದಿ ಅವನ ಜೊತೆಗಾರ. ಬಿಳಿ ಬಟ್ಟೆಯವಳು ಊರು ಕಾಯುವ ಶಕ್ತಿ. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಗಡಿ ಕಾಯುವ ಚೌಡಿ ಅಂದುಕೊಳ್ಳಿ. ಇದು ನನ್ನ ಓದು. ಬೇರೆ ಥರ ಓದುವವರು ಇದ್ದಾರೆ, ಆದರೆ ಅವರಿಗೆ ಕೊನೆಯ ಹತ್ತು ನಿಮಿಷದ ಲೆಕ್ಕ ಕೂಡಿಸಲು ಬಹಳ ಕಷ್ಟವಾಗುತ್ತದೆ.

ಮಂತ್ರವಾದಿ ಮೊಳೆ ಹೊಡೆದಾಗ ಜಪಾನಿನವನೇ ನೆಲಕ್ಕೆ ಬಿದ್ದು ಒದ್ದಾಡಿದ್ದನ್ನು ಎಲ್ಲರೂ ನೋಡಿದ್ದೇವಲ್ಲ! ಜೊತೆಗಾರ ಹೇಗಾಗುತ್ತಾನೆ?

ಹದಿನಾಲ್ಕು ಜನರಲ್ಲಿ ಹನ್ನೊಂದು ಜನ ಕೇಳಿದ ಪ್ರಶ್ನೆ ಇದು. ಸಿನಿಮಾದ ಗಂಟು ಇರುವುದೂ ಇಲ್ಲೇ.

ಆ ದೃಶ್ಯ ನೆನಪು ಮಾಡಿಕೊಳ್ಳಿ. ಮನೆಯಂಗಳದಲ್ಲಿ ಬೆಂಕಿ, ಡೋಲು, ಜಾಗಟೆ, ಬಣ್ಣದ ಬಟ್ಟೆ ತೊಟ್ಟು ಕುಣಿಯುವ ಇಲ್-ಗ್ವಾಂಗ್. ಮರದ ಬೊಂಬೆಗೆ ಒಂದೊಂದೇ ಮೊಳೆ ಹೊಡೆಯುತ್ತಾನೆ. ಅತ್ತ ಗುಡ್ಡದ ಮನೆಯಲ್ಲಿ ಜಪಾನಿನವ ಸತ್ತವನೊಬ್ಬನ ಫೋಟೋ ಇಟ್ಟು ತನ್ನದೇ ಪೂಜೆ ಮಾಡುತ್ತಿದ್ದಾನೆ. ಇಲ್ಲಿ ಮೊಳೆ, ಅಲ್ಲಿ ನರಳಾಟ. ಮತ್ತೆ ಇಲ್ಲಿ ಮೊಳೆ, ಅಲ್ಲಿ ನರಳಾಟ. ಸಿನಿಮಾದವರು ಇದಕ್ಕೆ ಕ್ರಾಸ್ ಕಟಿಂಗ್ ಅನ್ನುತ್ತಾರೆ. ಎರಡು ಕಡೆಯ ದೃಶ್ಯವನ್ನು ಒಂದರ ಹಿಂದೆ ಒಂದು ಜೋಡಿಸಿಬಿಟ್ಟರೆ ಮೊದಲನೆಯದು ಕಾರಣ, ಎರಡನೆಯದು ಪರಿಣಾಮ ಎಂದು ನಮ್ಮ ತಲೆ ತಾನೇ ಗಂಟು ಹಾಕಿಕೊಳ್ಳುತ್ತದೆ. ಹಾಗೆಂದು ಸಿನಿಮಾ ಬಾಯಿಬಿಟ್ಟು ಹೇಳುವುದೇ ಇಲ್ಲ. ನಾವೇ ಹೇಳಿಕೊಂಡಿದ್ದು.

ಆದರೆ ಅದೇ ದೃಶ್ಯದಲ್ಲಿ ಮೂರನೆಯ ಜಾಗವೂ ಒಂದಿದೆ: ಕೋಣೆಯಲ್ಲಿ ಹೊರಳಾಡುವ ಮಗು. ಮೊಳೆ ಬಿದ್ದಾಗೆಲ್ಲ ಕಿರುಚುತ್ತಿರುವುದು ಅವಳು.

ಇದನ್ನು ಮೊದಲು ಕಂಡವರು ನಾವ್ಯಾರೂ ಅಲ್ಲ. ಗೆಳೆಯನ ಅಮ್ಮ ಕಷಾಯದ ಚೊಂಬು ಹಿಡಿದು ಅಟ್ಟ ಹತ್ತಿದ್ದರು. ಹಿಂದಿನ ಮುಂದಿನ ಕತೆ ಗೊತ್ತಿಲ್ಲ, ಪಂಚೆಯ ಅಂಚಿನಲ್ಲಿ ಓಡುವ ಇಂಗ್ಲಿಷ್ ಅಕ್ಷರ ಓದುವ ಗೋಜಿಲ್ಲ. ಎರಡು ನಿಮಿಷ ನಿಂತು ನೋಡಿದವರೇ ಮಗನಿಗೆ, “ತಮಾ, ಆ ಕೂಸಿಗೆ ನೋವಾಗ್ತಾ ಇದ್ದಲ, ಮೊಳೆ ಹೊಡೆಯದು ನಿಲ್ಸಲೆ ಹೇಳು” ಅಂದರು. ನಾವೆಲ್ಲ ನಕ್ಕೆವು. ಸಬ್‌ಟೈಟಲ್ ಓದುತ್ತ ಕೂತ ನಮಗೆ ಕಾಣದ್ದು ಬರೀ ಚಿತ್ರ ನೋಡಿದ ಅವರಿಗೆ ಕಂಡಿತ್ತು. ಜೊಂಗ್-ಗು ಕೂಡ ಕೊನೆಗೆ ತಡೆಯಲಾರದೆ ಪೂಜೆ ನಿಲ್ಲಿಸುತ್ತಾನೆ, ನೆನಪಿದೆಯಲ್ಲ? ತಂದೆಯ ಹೊಟ್ಟೆಯ ಸಂಕಟಕ್ಕೆ ಗೊತ್ತಾಗಿದ್ದು ಅವನ ತಲೆಗೆ ಗೊತ್ತಾಗಲಿಲ್ಲ.

ಹಾಗಾದರೆ ಜಪಾನಿನವನನ್ನು ಬೀಳಿಸಿದ್ದು ಯಾರು? ನನ್ನ ಲೆಕ್ಕದಲ್ಲಿ ಮೂ-ಮ್ಯೋಂಗ್. ಆ ರಾತ್ರಿ ಅವನ ಮೇಲೆ ಕಣ್ಣಿಟ್ಟಿದ್ದವಳು ಅವಳೇ. ಮಂತ್ರವಾದಿಯ ಮೊಳೆಗೂ ಅವನ ನೋವಿಗೂ ಸಂಬಂಧವಿಲ್ಲ.

(ಇದೇ ದೃಶ್ಯದಲ್ಲಿ ಕರೆಂಟು ಹೋಗಿ, ಇನ್ವರ್ಟರ್ ಕೂಡ ಕೂಗಿ ಸುಮ್ಮನಾಗಿ, ಇಪ್ಪತ್ತು ನಿಮಿಷ ಕತ್ತಲಲ್ಲಿ ಕೂತಿದ್ದೆವು. ಯಾರೋ ಹಿಂದಿನಿಂದ ಡೋಲು ಬಡಿದಂತೆ ಡಬ್ಬಿ ಬಡಿದರು. ಅದು ಯಾರು ಎಂಬುದು ಇನ್ನೂ ಬಗೆಹರಿದಿಲ್ಲ.)

ಇದಕ್ಕೆ ಗಟ್ಟಿ ಸಾಕ್ಷಿ ಏನಾದರೂ ಇದೆಯಾ, ಅಥವಾ ನೀವೇ ಕಟ್ಟಿದ್ದಾ?

ಎರಡಿದೆ. ಮಂತ್ರವಾದಿ ಬಟ್ಟೆ ಬದಲಿಸುವಾಗ ಒಳಗೆ ಜಪಾನಿನವರು ಉಡುವ ಥರದ ಲಂಗೋಟಿ ಕಾಣುತ್ತದೆ. ಕಾಡಿನಲ್ಲಿ ಮುದುಕ ಉಟ್ಟಿದ್ದೂ ಅಂಥದ್ದೇ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಎರಡನೆಯದು ಫೋಟೋಗಳು. ಮುದುಕನ ಮನೆಯ ಗೋಡೆ ತುಂಬ ಸತ್ತವರ ಫೋಟೋ ಇತ್ತಲ್ಲ, ಕೊನೆಯಲ್ಲಿ ಇಲ್-ಗ್ವಾಂಗ್ ಜೊಂಗ್-ಗುವಿನ ಮನೆಗೆ ಬಂದು ಹೆಣಗಳ ಫೋಟೋ ತೆಗೆಯುತ್ತಾನೆ. ಅವನ ಪೆಟ್ಟಿಗೆ ಬಿದ್ದು ಹಳೆಯ ಮನೆಗಳ ಫೋಟೋಗಳೂ ಚೆಲ್ಲುತ್ತವೆ. ಇಬ್ಬರದೂ ಒಂದೇ ಅಂಗಡಿ.

ಫೋಟೋ ತೆಗೆದು ಏನು ಮಾಡುತ್ತಾರೆ, ಇವರಿಬ್ಬರೂ ಎಲ್ಲಿ ಸೇರಿದರು, ಇದರಿಂದ ಸಿಗುವುದೇನು? ಇದ್ಯಾವುದಕ್ಕೂ ಉತ್ತರವಿಲ್ಲ. ನನಗಂತೂ ಇದು ಬೇಜಾರಾಗಲಿಲ್ಲ. ಮಾಟ ಮಾಡಿಸಿದವರ ಕಾರಣ ಮಾಟ ಆದವರಿಗೆ ಎಂದಾದರೂ ಪೂರ್ತಿ ಗೊತ್ತಾಗುತ್ತದಾ?

ಅಂದರೆ ನಿರ್ದೇಶಕ ನಮಗೆ ಮೋಸ ಮಾಡಿದ್ದಾನೆ. ಇದನ್ನು ಚಂದದ ಕತೆ ಅನ್ನಬೇಕಾ?

ಯಕ್ಷಗಾನದ ಪಂಚವಟಿ ಆಟ ನೆನೆಸಿಕೊಳ್ಳಿ. ಘೋರ ಶೂರ್ಪನಖಿ ಮೊದಲು ಬಂದು ಆರ್ಭಟಿಸಿ ಹೋಗುತ್ತಾಳೆ, ಆಮೇಲೆ ಮಾಯಾ ಶೂರ್ಪನಖಿ ಬಳುಕುತ್ತ ಬರುತ್ತಾಳೆ. ವೇಷಧಾರಿಯೇ ಬೇರೆಯಾದರೂ ಇಬ್ಬರೂ ಒಬ್ಬಳೇ ಎಂದು ಬಯಲಲ್ಲಿ ಕೂತ ಮಗುವಿಗೂ ಗೊತ್ತು. ನಮಗೆ ಗೊತ್ತಿರುವುದರಿಂದಲೇ ಆಮೇಲಿನ ಮಾತುಕತೆ ಸೊಗಸು. ಯಕ್ಷಗಾನ ನೋಡಿ ಬೆಳೆದ ನಮಗೆ ವೇಷ ಕಂಡ ಕೂಡಲೇ ಇದು ರಾಕ್ಷಸ, ಇದು ರಾಜ ಎಂದು ವಿಂಗಡಿಸುವ ಅಭ್ಯಾಸ.

ಈ ಸಿನಿಮಾ ಘೋರ ಶೂರ್ಪನಖಿಯನ್ನು ರಂಗಕ್ಕೆ ಕಳಿಸುವುದೇ ಇಲ್ಲ. ಮೂರು ಮಾಯಾ ವೇಷ ಬಿಟ್ಟು, ಇದರಲ್ಲಿ ಯಾವುದು ಅಂತ ನೀವೇ ಹೇಳಿ ಅನ್ನುತ್ತದೆ. ಜೊಂಗ್-ಗುವಿಗೆ ಎಷ್ಟು ಗೊತ್ತೋ ನಮಗೂ ಅಷ್ಟೇ. ಆದ್ದರಿಂದ ಕತೆ ಗೊಂದಲ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಪೂಜೆಯ ಗೊಂದಲ ಬೇಕೆಂದೇ ಒಡ್ಡಿದ ಬಲೆ, ಅದಕ್ಕೆ ಪೂರ್ತಿ ಅಂಕ. ಆದರೆ ಸಿನಿಮಾದಲ್ಲಿರುವ ಎಲ್ಲ ಗೊಂದಲವೂ ಬಲೆಯಲ್ಲ. ಕೆಲವು ಬರೀ ಹರಕು. ಅವೂ ಮುಂದೆ ಬರುತ್ತವೆ.

ಎಲ್ಲ ಅಣಬೆಯ ವಿಷದಿಂದ ಆಗಿದ್ದು ಅಂತ ಅದರಲ್ಲೇ ಹೇಳುತ್ತಾರಲ್ಲ?

ಹೇಳುತ್ತಾರೆ. ಶಕ್ತಿ ಬರುವ ಔಷಧಿ ಅಂತ ಮಾರಿದ್ದರಲ್ಲಿ ಭ್ರಮೆ ಹುಟ್ಟಿಸುವ ಅಣಬೆ ಇತ್ತು ಎಂಬ ಸುದ್ದಿ ಬರುತ್ತದೆ. ಯಾರಿಗೂ ಅದು ತಲೆಗೆ ಹೋಗುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ಊರಿಗೆ ಒಬ್ಬ ಅಪರಾಧಿ ಸಿಕ್ಕಾಗಿದೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಸಿದ್ದಾಪುರದ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗ ಸಾಯತೊಡಗಿ, ಜನಕ್ಕೂ ಜ್ವರ ಹತ್ತಿ, ಅದು ಉಣುಗಿನಿಂದ ಹರಡುವ ವೈರಸ್ಸು ಎಂದು ಗೊತ್ತಾಯಿತು. ಇವತ್ತಿಗೂ ಬೇಸಿಗೆಯಲ್ಲಿ ಮಂಗ ಸತ್ತಿದೆ ಅಂದರೆ ಸೊಪ್ಪಿನ ಬೆಟ್ಟಕ್ಕೆ ಹೋಗಲು ಹೆದರಿಕೆ. ಉಣುಗು ಹತ್ತದ ಹಾಗೆ ಮೈಗೆ ಎಣ್ಣೆ ಹಚ್ಚಿಕೊಂಡೂ ಹೋಗುತ್ತೇವೆ, ಚೌಡಿಗೆ ಕಾಯಿಯನ್ನೂ ಒಡೆಯುತ್ತೇವೆ. ಎರಡರಲ್ಲಿ ಒಂದನ್ನು ಆರಿಸು ಅಂದವರು ಯಾರೂ ಇಲ್ಲ.

ಅಣಬೆಯ ವಾದ ಹಿಡಿದು ಇಡೀ ಸಿನಿಮಾ ಬಿಡಿಸಲು ಹೋದರೆ ಅರ್ಧ ದಾರಿಯವರೆಗೆ ಸಲೀಸಾಗಿ ಹೋಗಬಹುದು. ಗುಹೆಯ ದೃಶ್ಯದಲ್ಲಿ ಸಿಕ್ಕಿಬೀಳುತ್ತೀರಿ.

ಹೆಣ ಎದ್ದು ಬಂದು ಹೊಡೆದಾಡುವ ಭಾಗ ಯಾಕೆ ಬೇಕಿತ್ತು?

ಬೇಕಿರಲಿಲ್ಲ.

ಮುದುಕ ಪೂಜೆ ಮಾಡುತ್ತಿದ್ದದ್ದು ಈ ಹೆಣವನ್ನು ಎಬ್ಬಿಸಲಿಕ್ಕೆ ಎಂಬ ಕೊಂಡಿ ಇದೆ, ಒಪ್ಪುತ್ತೇನೆ. ಆದರೆ ಅದು ಎದ್ದು ಬಂದು ಮಾಡುವುದೇನು? ಜೊಂಗ್-ಗು ಮತ್ತು ಅವನ ಗೆಳೆಯರ ಜೊತೆ ಗುದ್ದಾಡುತ್ತದೆ, ತಲೆಗೆ ಕುಂಟೆ ಚುಚ್ಚಿದರೂ ಬೀಳುವುದಿಲ್ಲ, ನಮ್ಮಲ್ಲಿ ಅರ್ಧ ಜನ ಹೆದರಬೇಕಾದಲ್ಲಿ ನಕ್ಕರು. ಮುಗಿದ ಮೇಲೆ ಅದರ ಸುದ್ದಿಯೇ ಇಲ್ಲ. ನಮ್ಮ ಮೇಳದಲ್ಲಿ ಹೀಗೆ ಮಾಡಿದ್ದರೆ ಭಾಗವತರು ಮರುದಿನ ಬಣ್ಣ ಹಚ್ಚುವ ಚೌಕಿಯಲ್ಲಿ ಕೇಳದೆ ಬಿಡುತ್ತಿರಲಿಲ್ಲ. ಇದಕ್ಕೆ ಆಳವಾದ ಅರ್ಥ ಹುಡುಕಿಕೊಡಿ ಎಂದು ನನ್ನನ್ನು ಪೀಡಿಸಬೇಡಿ.

ಈ ಮಗುವೇ ಯಾಕೆ? ಊರಲ್ಲಿ ಬೇರೆ ಯಾರೂ ಇರಲಿಲ್ಲವಾ?

ಸಿನಿಮಾ ಎರಡು ಉತ್ತರ ಕೊಡುತ್ತದೆ, ಎರಡೂ ಒಂದಕ್ಕೊಂದು ಕೂಡುವುದಿಲ್ಲ.

ಮೊದಲನೆಯದು ಮಂತ್ರವಾದಿಯದ್ದು. ಆ ಮುದುಕ ಗಾಳ ಹಾಕಿ ಕೂತಿದ್ದಾನೆ, ಏನು ಸಿಗುತ್ತದೆಂದು ಅವನಿಗೂ ಗೊತ್ತಿಲ್ಲ, ನಿನ್ನ ಮಗಳು ಕಚ್ಚಿದಳು, ಅಷ್ಟೇ. ಸಿನಿಮಾ ಶುರುವಾಗುವುದೇ ಮುದುಕ ನೀರ ಬದಿಯಲ್ಲಿ ಕೂತು ಗಾಳಕ್ಕೆ ಹುಳು ಸಿಕ್ಕಿಸುವುದರಿಂದ. ತದಡಿ ಕಡೆಯ ಗೆಳೆಯನೊಬ್ಬ, ಅಘನಾಶಿನಿಯಲ್ಲಿ ಗಾಳ ಹಾಕುತ್ತಲೇ ದೊಡ್ಡವನಾದವ, ಇದನ್ನು ಕೇಳಿ ಮೂಗು ಮುರಿದ. “ಯಾವ ನೀರಿಗೆ, ಯಾವ ಹೊತ್ತಿಗೆ, ಯಾವ ಹುಳ ಅಂತ ನೋಡೇ ಹಾಕೋದು ಮಾರಾಯ. ಗೊತ್ತಿಲ್ದೆ ಕೂರುವವ ಪ್ಯಾಟೆಯವ.” ಅವನ ಮಾತು ನನಗೆ ಬಹಳ ದಿನ ಕೊರೆಯಿತು. ಮಂತ್ರವಾದಿ ಬೇಕೆಂದೇ ಸುಳ್ಳು ಹೇಳಿರಬಹುದು ಎಂದು ಹೊಳೆದಿದ್ದು ಆಮೇಲೆ. ಆರಿಸಿ ಹಾಕಿದ ಗಾಳವನ್ನು, ಏನೋ ಸಿಕ್ಕಿತು ಎಂದು ತಿಪ್ಪೆ ಸಾರಿಸುತ್ತಿದ್ದಾನೆ.

ಎರಡನೆಯ ಉತ್ತರ ಮೂ-ಮ್ಯೋಂಗ್‌ಳದ್ದು. ಕೊನೆಯಲ್ಲಿ ಓಣಿಯಲ್ಲಿ ನಿಂತು ಅವಳು ಹೇಳುತ್ತಾಳೆ: ತಂದೆ ಪಾಪ ಮಾಡಿದ, ಅನುಮಾನಪಟ್ಟ, ಕೊಲ್ಲಲು ಹೋದ, ಕೊಂದ, ಅದಕ್ಕೇ ಮಗಳಿಗೆ ಹೀಗಾಯಿತು. ಜೊಂಗ್-ಗು ಅಲ್ಲೇ ತಿರುಗಿ ಬೀಳುತ್ತಾನೆ: ಮಗಳಿಗೆ ಹುಷಾರು ತಪ್ಪಿದ್ದು ಮೊದಲು! ಹೌದಲ್ಲ? ಮಗಳಿಗೆ ಜಡ್ಡು ಬಂದಿದ್ದಕ್ಕೆ ತಾನೇ ಅವನು ಕೈ ಎತ್ತಿದ್ದು? ಹಿಂದುಮುಂದಾದ ಲೆಕ್ಕ. ಅದಕ್ಕೆ ಅವಳ ಹತ್ತಿರ ಉತ್ತರವಿಲ್ಲ.

ಇದನ್ನು ಕತೆಯ ತೂತು ಎಂದು ಬಹಳ ಜನ ತೋರಿಸಿದರು. ನನಗೆ ಇಡೀ ಸಿನಿಮಾದಲ್ಲಿ ಅತಿ ಪ್ರಾಮಾಣಿಕವಾಗಿ ಕಂಡ ಜಾಗ ಇದೇ. ಮನೆಯಲ್ಲಿ ಮಗುವಿಗೆ ಏನಾದರೂ ಆದಾಗ ನಾವು ಜೋಯಿಸರ ಹತ್ತಿರ ಪ್ರಶ್ನೆ ಇಡಿಸಲು ಹೋಗುವುದಿಲ್ಲವೇ? ನಾಗನಿಗೆ ಅಪಚಾರವಾಗಿದೆ, ಹಿರಿಯರ ಹರಕೆ ಬಾಕಿ ಇದೆ ಎನ್ನುತ್ತಾರೆ. ಹುಟ್ಟಿ ಆರು ತಿಂಗಳಾಗದ ಶಿಶು ಯಾವ ಹರಕೆ ಹೊತ್ತಿತ್ತು ಎಂದು ನಮ್ಮಜ್ಜಿ ಒಬ್ಬರೇ ಕೇಳಿದ್ದರಂತೆ, ಎಲ್ಲರೂ ಅವರ ಬಾಯಿ ಮುಚ್ಚಿಸಿದ್ದರಂತೆ. ಜೊಂಗ್-ಗು ಕೇಳಿದ್ದು ಅದನ್ನೇ.

ಬಿಳಿ ಬಟ್ಟೆಯವಳು ಒಳ್ಳೆಯವಳಾದರೆ ಸತ್ತವರ ವಸ್ತುಗಳು ಅವಳ ಹತ್ತಿರ ಯಾಕೆ?

ಮಗಳ ಹೇರ್‌ಪಿನ್ ಅವಳ ಕಾಲ ಬಳಿ ಕಂಡಿದ್ದರಿಂದಲೇ ಜೊಂಗ್-ಗು ಅವಳನ್ನು ನಂಬದೆ ಓಡುವುದು. ಅವಳ ಮೈಮೇಲೂ ಸತ್ತವರ ಬಟ್ಟೆ. ಜಪಾನಿನವನ ಮನೆಯಲ್ಲೂ ಸತ್ತವರ ವಸ್ತುಗಳಿದ್ದವು, ಆದ್ದರಿಂದ ಇಬ್ಬರೂ ಒಂದೇ ಎಂದು ಅನ್ನಿಸುತ್ತದೆ. ಮಾಟಕ್ಕೂ ಬಟ್ಟೆ, ಕೂದಲು ಬೇಕು, ರಕ್ಷೆ ಕಟ್ಟಲಿಕ್ಕೂ ಬೇಕು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸಿನಿಮಾ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ ಮಾತ್ರ.

ಆದರೂ ಇಲ್ಲಿ ನಿರ್ದೇಶಕ ಸ್ವಲ್ಪ ಜಾಸ್ತಿಯೇ ಕಣ್ಣಿಗೆ ಮಣ್ಣೆರಚಿದ ಅನ್ನಿಸಿತು. ಆ ಪಿನ್ನು ನೆಲದ ಮೇಲೆ ಅಲ್ಲೇ, ಅದೇ ಗಳಿಗೆಗೆ ಬಿದ್ದಿರಬೇಕಿತ್ತಾ?

ಬಾಗಿಲಲ್ಲಿ ತೂಗಿದ ಒಣ ಗಿಡ ಏನದು?

ಅವಳು ಒಡ್ಡಿದ ಕಟ್ಟು. ಜೊಂಗ್-ಗು ಹೊಸ್ತಿಲು ದಾಟಿದ ಕೂಡಲೇ ಬಾಡಿಹೋಗುತ್ತದೆ. ಮೊದಲು ಕೊಲೆಯಾದ ಮನೆಯಲ್ಲೂ ಅಂಥದ್ದೇ ಒಣಗಿ ನೇತಾಡುತ್ತಿರುತ್ತದೆ, ಎರಡನೇ ಸಲ ನೋಡಿದರೆ ಕಾಣುತ್ತದೆ. ಅಂದರೆ ಆ ಮನೆಯವರನ್ನೂ ಉಳಿಸಲು ನೋಡಿದ್ದಳು, ಅವರೂ ಅವಳ ಮಾತು ಕೇಳಲಿಲ್ಲ. ನಮ್ಮ ಬಾಗಿಲಿನ ನಿಂಬೆಹಣ್ಣು ಮೆಣಸಿನಕಾಯಿಯ ಕೊರಿಯಾದ ತಮ್ಮ ಅನ್ನಿ. ಸಿನಿಮಾದ ಒಂದೂ ಮಾತು ಖರ್ಚಾಗದೆ ಇಷ್ಟು ಹೇಳಿದ್ದು ನನಗೆ ಬಹಳ ಹಿಡಿಸಿತು.

ಕೋಳಿ ಮೂರು ಸಲ ಕೂಗುವುದು, ಗುಹೆಯಲ್ಲಿ ಕೈಯ ಗಾಯ, ಇವೆಲ್ಲ ಎಂತದು?

ಇದನ್ನು ನನಗೆ ಬಿಡಿಸಿ ಹೇಳಿದ್ದು ಕಾರವಾರದ ಕ್ರಿಶ್ಚಿಯನ್ ಗೆಳತಿ. ಕೋಳಿ ಕೂಗುವುದರೊಳಗೆ ನೀನು ನನ್ನನ್ನು ಮೂರು ಸಲ ಅರಿಯೆ ಅನ್ನುವಿ ಎಂದು ಯೇಸು ಶಿಷ್ಯ ಪೇತ್ರನಿಗೆ ಹೇಳಿದ್ದ. ಇಲ್ಲಿ ಮೂ-ಮ್ಯೋಂಗ್, ಮೂರನೇ ಕೂಗಿನವರೆಗೆ ಮನೆಗೆ ಹೋಗಬೇಡ ಅನ್ನುತ್ತಾಳೆ. ಜೊಂಗ್-ಗುವಿಗೆ ತಡೆಯಲಾಗುವುದಿಲ್ಲ.

ಗುಹೆಯದ್ದು ಇನ್ನೂ ಕಟು. ಸಿನಿಮಾದ ಮೊದಲಲ್ಲೇ ಲೂಕನ ಸುವಾರ್ತೆಯ 24ನೇ ಅಧ್ಯಾಯದ ಸಾಲುಗಳು ಬರುತ್ತವೆ. ಸತ್ತು ಎದ್ದು ಬಂದ ಯೇಸುವನ್ನು ಶಿಷ್ಯರು ಭೂತ ಎಂದು ಹೆದರಿದಾಗ ಅವನು ಕೈಕಾಲು ತೋರಿಸಿ, ಮುಟ್ಟಿ ನೋಡಿ, ಭೂತಕ್ಕೆ ಮಾಂಸ ಮೂಳೆ ಇರುವುದಿಲ್ಲ ಅನ್ನುತ್ತಾನೆ. ಕೊನೆಯಲ್ಲಿ ಅದೇ ಮಾತನ್ನು ಗುಹೆಯಲ್ಲಿ ಕೂತ ಮುದುಕ ಆಡುತ್ತಾನೆ, ಅಂಗೈಯಲ್ಲಿ ಮೊಳೆಯ ಗಾಯ ತೋರಿಸುತ್ತ, ದೆವ್ವದ ರೂಪಕ್ಕೆ ತಿರುಗುತ್ತ. ದೇವರ ಮಾತು ಸೈತಾನನ ಬಾಯಲ್ಲಿ. “ಇಗರ್ಜಿಯಲ್ಲಿ ನೂರು ಸಲ ಕೇಳಿದ ಸಾಲು, ಅವತ್ತು ಮೈ ಜುಂ ಅಂತು” ಎಂದಳು ಅವಳು. ಆ ಪ್ರಸಂಗ ಗೊತ್ತಿಲ್ಲದ ನಮ್ಮ ಅಟ್ಟದಲ್ಲಿ ಆಗ ಯಾರೋ, “ಹಪ್ಪಳ ಇನ್ನೂ ಇದ್ದಾ?” ಅಂದಿದ್ದರು.

ಮುದುಕ ದೆವ್ವವೇ ಆದರೆ ಬಂಡೆಯ ಕೆಳಗೆ ಅಡಗಿ ಯಾಕೆ ಅಳುತ್ತಾನೆ? ಲಾರಿಗೆ ಬಡಿದು ಸತ್ತಿದ್ದು ಹೇಗೆ?

ಇಲ್ಲಿ ನನ್ನ ವಾದಕ್ಕೆ ಪೆಟ್ಟು ಬೀಳುತ್ತದೆ, ಮುಚ್ಚಿಡುವುದಿಲ್ಲ. ಯಾರೂ ನೋಡದ ಕಡೆ ಅವನು ಅಳುತ್ತಾನೆ. ನಾಟಕ ಮಾಡುವುದಾದರೆ ನೋಡುವವರು ಬೇಡವೇ? ನೋಡುವವರು ನಾವೇ ಎಂದರೆ ಅದು ಮೋಸವೇ ಸರಿ. ಆದರೆ ಹೀಗೂ ನೋಡಬಹುದು: ಅವನು ಮೊದಲು ಬರೀ ಮನುಷ್ಯನಾಗಿದ್ದ, ಊರವರೇ ದೆವ್ವ ದೆವ್ವ ಎಂದು ಬೆನ್ನು ಹತ್ತಿ, ಕೊಂದು, ರಸ್ತೆ ಬದಿಗೆ ಎಸೆದ ಮೇಲೆ ನಿಜವಾಗಿ ದೆವ್ವವಾದ. ಜಪಾನು 1910ರಿಂದ 1945ರವರೆಗೆ ಕೊರಿಯಾವನ್ನು ಆಳಿದ ನೆನಪು ಬೆನ್ನಿಗಿರುವಾಗ ಊರವರಿಗೆ ಆ ಮುದುಕನನ್ನು ಅನುಮಾನಿಸಲು ಹೆಚ್ಚು ಕಾರಣ ಬೇಕಿರಲಿಲ್ಲ. 2018ರಲ್ಲಿ ನಮ್ಮ ರಾಜ್ಯದಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿ ಬೀದರ ಜಿಲ್ಲೆಯಲ್ಲಿ ಜೀವ ಹೋಯಿತಲ್ಲ. ಆಗ ನಮ್ಮೂರಿಗೆ ಕಂಬಳಿ ಮಾರಲು ಬಂದವನನ್ನೂ ಜನ ಎರಡು ತಾಸು ಬಸ್ಸ್ಟ್ಯಾಂಡಿನಲ್ಲಿ ಕೂರಿಸಿದ್ದರು. ನಾನೂ ಅಲ್ಲಿದ್ದೆ, ಅವನ ಚೀಲ ಬಿಚ್ಚಿ ನೋಡಿದವರಲ್ಲಿ ಒಬ್ಬನಾಗಿ.

ಆ ಮುದುಕನ ಪಾತ್ರ ಮಾಡಿದ ಕುನಿಮುರಾ ಜುನ್ ಜಪಾನಿನ ನಟ. ಮುಖದ ಮೇಲೆ ಒಂದು ಗೆರೆಯೂ ಹೆಚ್ಚು ಕಡಿಮೆ ಮಾಡದೆ ಎರಡೂ ಅರ್ಥಕ್ಕೆ ಜಾಗ ಬಿಟ್ಟಿದ್ದಾನೆ.

ಬೇರೆ ಕೊನೆ ಇದೆಯಂತೆ, ನಿಜವಾ?

ಹೌದು, ಚಿತ್ರೀಕರಿಸಿ ಆಮೇಲೆ ಕತ್ತರಿಸಿದ ದೃಶ್ಯ. ಮಂತ್ರವಾದಿ ಕಾರು ತಂದು ಮುದುಕನನ್ನು ಹತ್ತಿಸಿಕೊಂಡು ಹೋಗುತ್ತಾನೆ. ಅದು ಉಳಿದಿದ್ದರೆ ಇಲ್ಲಿ ಬರೆದ ಅರ್ಧ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ತೆಗೆದದ್ದೇ ಒಳ್ಳೆಯದಾಯಿತು. ಆಟ ಮುಗಿಯುವ ಮೊದಲೇ ಚೌಕಿಗೆ ಇಣುಕಿ ರಾಕ್ಷಸ ಬಣ್ಣ ಒರೆಸಿಕೊಳ್ಳುವುದನ್ನು ನೋಡಿದ ಹಾಗಾಗುತ್ತಿತ್ತು.

ಸಿನಿಮಾ ಮುಗಿಸಿ ರಾತ್ರಿ ಒಬ್ಬರೇ ಮನೆಗೆ ಹೋಗಬಹುದಾ?

ನಮ್ಮಲ್ಲಿ ಒಬ್ಬರು ಹೋಗಲಿಲ್ಲ. ಅವರ ಮನೆ ತೋಟದ ಆಚೆ, ಸಂಕ ದಾಟಿ ಐದೇ ನಿಮಿಷ. ಬ್ಯಾಟರಿ ಕೊಟ್ಟರೂ ಬೇಡ ಅಂದರು, ಜೊತೆಗೆ ಬರುತ್ತೇನೆ ಅಂದರೆ ಬಂದವನ ಮೇಲೇ ಅನುಮಾನ. ಕೋಳಿ ಮೂರು ಸಲ ಕೂಗಿದ ಮೇಲೆ ಹೊರಡುತ್ತೇನೆ ಎಂದು ಕಂಬಳಿ ಹೊದ್ದು ಅಡಿಕೆ ಚೀಲಕ್ಕೆ ಒರಗಿದರು. ಹವ್ಯಕರ ಕೇರಿಯಲ್ಲಿ ಕೋಳಿ ಎಲ್ಲಿಂದ ಕೂಗಬೇಕು ಎಂದು ಗೆಳೆಯನ ಅಮ್ಮ ಕೆಳಗಿನಿಂದಲೇ ಕೇಳಿದರು. ಕೊನೆಗೆ ಬೆಳಗಿನ ಮೊದಲ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆದಾಗ ಎದ್ದು, ಅದೊಂದೇ ಸಲ ಹೊಡೆಯಿತಲ್ಲ ಅನ್ನುತ್ತ ಇನ್ನೊಂದು ಲೋಟ ಕಷಾಯ ಕೇಳಿದರು.